ಚಾವಡಿಯಲ್ಲಿ ಬಾಕೋವನ ಜಾಗ

ಬಾಕೋವನ ಕಾಲು ಮುರಿದದ್ದು ರಾಟರ್‌ಡ್ಯಾಮ್ ಬಂದರಿನಲ್ಲಿ. ಹಡಗು ಕಟ್ಟುವ ದಪ್ಪ ಹಗ್ಗ ಬಿಗಿ ತಾಳಲಾರದೆ ಕಿತ್ತು ಹಾರಿ ಮೊಳಕಾಲ ಕೆಳಗೆ ಬಾರಿಸಿತ್ತು. ಹಡಗು ಅವನನ್ನು ಆಸ್ಪತ್ರೆಗೆ ಇಳಿಸಿ ತನ್ನ ಪಾಡಿಗೆ ತಾನು ಹೋಯಿತು. ಹಡಗಿನವರ ಏಜೆಂಟ್ ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಬೆಂಗಳೂರಿನ ಗೋವಿಂದರಾಜು ಅವನನ್ನು ನೋಡಲು ಹೋದ. ನಾವಿಕರ ತಂಗುಮನೆ ತುಂಬಿದೆಯೆಂದು ತಿಳಿದು, ವಾಸಿಯಾಗುವವರೆಗೆ ಇರಲಿ ಎಂದು ಡೆಲ್ಫ್ಟ್‌ನ ತನ್ನ ಮನೆಗೇ ಕರೆತಂದ. ಅದು ತೊಂಬತ್ತೊಂಬತ್ತನೇ ಇಸವಿಯ ಬೇಸಿಗೆ.

ಹೆಂಡತಿ ಅನಸೂಯ ಬಾಗಿಲಲ್ಲೇ, ಅವನಿಗೂ ತಿಳಿಯುವ ಇಂಗ್ಲಿಷಿನಲ್ಲಿ ಹೇಳಿದಳು: "ಮೇಡಂ ಗೀಡಂ ಎಲ್ಲ ಬೇಡಪ್ಪ. ನನ್ನನ್ನ ಅಕ್ಕ ಅನ್ನು, ಇವರನ್ನ ಅಣ್ಣ ಅನ್ನು. ನೀನು ನಮ್ಮ ತಮ್ಮ ಇದ್ದ ಹಾಗೆ."

ನಮ್ಮಲ್ಲಿ ಇಂಥ ಮಾತು ಬಂದವರಿಗೆಲ್ಲ ಕೊಡುವ ನೀರು ಬೆಲ್ಲದ ಹಾಗೆ. ಬಾಕೋವ ಅದನ್ನು ಹಾಗೆ ತೆಗೆದುಕೊಳ್ಳಲಿಲ್ಲ. ಊರುಗೋಲು ಕಂಕುಳಲ್ಲಿ ಒತ್ತಿಕೊಂಡು, ತಲೆ ಬಗ್ಗಿಸಿ, ಕಿವಿಯಿಂದ ಎದೆಗೆ ಇಳಿಸಿಕೊಂಡ.

ಯಾವ ದೇಶ ಎಂದರೆ ಕಿರಿಬಾಸ್ ಎನ್ನುತ್ತಿದ್ದ. ಆಸ್ಪತ್ರೆಯ ನರ್ಸ್ ಅದು ಫಿಲಿಪೈನ್ಸ್‌ನ ಊರೇ ಎಂದು ಕೇಳಿದ್ದಳಂತೆ. ಅನಸೂಯ ಅಟ್ಲಾಸ್ ಬಿಡಿಸಿ ಕನ್ನಡಕ ಏರಿಸಿದಳು.

"ಅಯ್ಯೋ, ಇದು ದೇಶಾನೋ, ನೊಣ ಕೂತು ಹೋದ ಗುರುತೋ?"

"ಬರೀ ನೆಲ ನೋಡಿದ್ರೆ ನೊಣಾನೇ ಅಕ್ಕ. ದ್ವೀಪ ದ್ವೀಪದ ಮಧ್ಯೆ ಇರೋ ನೀರೂ ನಮ್ಮದೇ. ಸೇರಿಸಿ ಅಳೀರಿ, ನಿಮ್ಮ ಇಂಡಿಯಾದಷ್ಟು ಇದ್ದೀವಿ." ಬಾಕೋವ ಪುಟದ ಬಲಗಡೆಯ ಅಂಚನ್ನು ತೋರಿಸಿದ, ಆಮೇಲೆ ಎಡಗಡೆಯ ಅಂಚನ್ನು. "ಅರ್ಧ ದೇಶ ಇಲ್ಲಿ, ಇನ್ನರ್ಧ ಅಲ್ಲಿ. ಮಧ್ಯದಲ್ಲಿ ನೀವೆಲ್ಲ ಬಂದು ಕೂತುಬಿಟ್ಟಿದ್ದೀರಿ."

ಅವನ ದ್ವೀಪದಲ್ಲಿ ಗುಡ್ಡವಿಲ್ಲ, ಹೊಳೆಯಿಲ್ಲ. ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಹಿನ್ನೀರು, ನಡುವೆ ಉಡಿದಾರದಂಥ ಮರಳು. ಅವನು ಹುಡುಗನಾಗಿದ್ದಾಗ ಬ್ರಿಟಿಷರ ಬಾವುಟ ಇಳಿದು, ಕಡಲ ಹಕ್ಕಿಯ ಬಾವುಟ ಏರಿತ್ತು. ಆದರೆ ನೀನು ಯಾರು ಎಂದು ಊರಲ್ಲಿ ಕೇಳಿದರೆ ಬಾವುಟ ತೋರಿಸುವವರಿಲ್ಲ; ಚಾವಡಿಯಲ್ಲಿ ತಾನು ಕೂರುವ ಜಾಗ ತೋರಿಸುತ್ತಾರೆ. ಊರಿಗೆಲ್ಲ ಒಂದೇ ದೊಡ್ಡ ಚಾವಡಿ, ಕೇದಗೆ ಗರಿಯ ಸೂರು. ಒಂದೊಂದು ವಂಶಕ್ಕೆ ಒಂದೊಂದು ಜಾಗ. ತನ್ನ ಜಾಗದ ಮೇಲಿನ ಸೂರನ್ನು ಆ ವಂಶವೇ ಹೊದಿಸಬೇಕು. ಮುಂದೆ ಕೂತವನು ವಂಶದ ಪರವಾಗಿ ಮಾತಾಡುತ್ತಾನೆ, ಹಿಂದೆ ಕೂತವರು ಕೇಳಿಸಿಕೊಳ್ಳುತ್ತಾರೆ. ಬಾಕೋವನ ವಂಶಕ್ಕೆ ಮುಂದೆ ಕೂರುತ್ತಿದ್ದವನು ಅವನ ಅಪ್ಪ. ಅಪ್ಪ ಸತ್ತಾಗ ಬಾಕೋವ ಕಡಲ ಮೇಲಿದ್ದ.

ಆಗಸ್ಟಿನಲ್ಲಿ ಸುದ್ದಿ ಬಂತು: ಚಾವಡಿಗೆ ಹೊಸ ಸೂರು ಹೊದಿಸುತ್ತಿದ್ದಾರೆ. ಅಪ್ಪನ ಭಾಗಕ್ಕೆ ಯಾರ ಕೈ ಗರಿ ಕಟ್ಟುತ್ತದೋ ಇನ್ನು ಮುಂದೆ ಅವನೇ ಮುಂದೆ ಕೂರುವವನು. ಊರಲ್ಲಿ ಚಿಕ್ಕಪ್ಪನ ಮಗ ಇಯೋತೆಬ ಇದ್ದ. ಕೈ ಚುರುಕು, ನಾಲಿಗೆ ಇನ್ನೂ ಚುರುಕು.

ಅಂದಿನಿಂದ ಬಾಕೋವ ಕೆಂಡದ ಮೇಲೆ ಕೂತವನಾದ. ಪ್ಲಾಸ್ಟರ್ ಕಟ್ಟಿದ ಕಾಲೆಳೆದುಕೊಂಡು ಕಾಲುವೆಯ ದಂಡೆಯಲ್ಲಿ ಹೋಗುತ್ತಿದ್ದ, ಬರುತ್ತಿದ್ದ, ಮತ್ತೆ ಹೋಗುತ್ತಿದ್ದ. ಸೈಕಲ್ಲಿನವರು ಗಂಟೆ ಬಾರಿಸಿ ಬೈದರೂ ಸರಿಯುತ್ತಿರಲಿಲ್ಲ. ನೀರು ಮೇಲಿದ್ದು ಮನೆಗಳು ತಗ್ಗಿನಲ್ಲಿರುವ ಈ ಸೀಮೆಯಲ್ಲಿ ಅವನಿಗೆ ನಿದ್ದೆಯೇ ಹತ್ತುತ್ತಿರಲಿಲ್ಲ. ಡಾಕ್ಟರು ಕಾಲು ಗಟ್ಟಿಯಾಯಿತೆಂದು ಬರೆದುಕೊಡುವವರೆಗೆ ಹಡಗಿನ ಕಂಪನಿ ಅವನನ್ನು ವಿಮಾನ ಹತ್ತಿಸುತ್ತಿರಲಿಲ್ಲ.

ಒಂದು ಭಾನುವಾರ ಊಟದ ಮಧ್ಯೆ ತಟ್ಟೆ ಸರಿಸಿ ನೆಟ್ಟಗೆ ಕೂತ.

"ಅಣ್ಣ, ನಿಮ್ಮ ಹತ್ರ ಒಂದು ಕೇಳ್ತೀನಿ. ನಮ್ಮಲ್ಲಿ ಇದಕ್ಕೆ ಬುಬುಸಿ ಅಂತಾರೆ. ನಂಟರ ಹತ್ರ ಮಾತ್ರ ಕೇಳೋದು. ನಿಮ್ಮ ಆಫೀಸಿಗೆ ಹೇಳಿ, ಈ ತಿಂಗಳೇ ನನ್ನ ಕಳಿಸಿ."

ಗೋವಿಂದರಾಜು ಮೀನಿನ ಮುಳ್ಳು ಬಿಡಿಸುತ್ತಲೇ ಅಂದ: "ಡೋಂಟ್ ವರಿ ಕಣೋ. ನೋಡೋಣ, ಮಾಡೋಣ."

ಬೆಂಗಳೂರಿನ ಮನೆಗಳಲ್ಲಿ ಈ ಮಾತಿನ ತೂಕ ಮಕ್ಕಳಿಗೂ ಗೊತ್ತು. ಆಗುವುದಿಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳಲಾರದವರು ಆಡುವ ಮಾತು ಅದು. ಬಾಕೋವನ ಸೀಮೆಯ ರೀತಿ ಬೇರೆ. ಬುಬುಸಿ ಕೇಳಿದ ನಂಟನಿಗೆ ಇಲ್ಲವೆನ್ನುವ ಹಾಗೇ ಇಲ್ಲ. ಇಲ್ಲವೆಂದವನು ಊರಲ್ಲಿ ಮುಖವೆತ್ತಿ ಓಡಾಡಲಾರ. ಅದಕ್ಕೇ ಕೇಳುವವನೂ ನಾಲ್ಕು ಸಲ ಯೋಚಿಸಿ ಕೇಳುತ್ತಾನೆ. ಅಣ್ಣ ಇಲ್ಲವೆನ್ನಲಿಲ್ಲ. ಅಲ್ಲಿಗೆ ಮಾತು ಮುಗಿಯಿತು, ತಾನು ಹೊರಟಂತೆಯೇ ಎಂದುಕೊಂಡ ಬಾಕೋವ. ಮರುದಿನ ಬೆಳಿಗ್ಗೆ ಊರಿಗೆ ಫೋನ್ ಮಾಡಿದ. ರಾಜಧಾನಿಯವರೆಗೆ ಫೋನು, ಅಲ್ಲಿಂದ ದ್ವೀಪಕ್ಕೆ ರೇಡಿಯೋ, ಅಲ್ಲಿ ನೆರೆದವರೆಲ್ಲ ಕೇಳುವಂತೆ ಕೂಗಿ ಹೇಳಿದ: "ನಾನು ಬರ್ತಾ ಇದ್ದೀನಿ. ಅಪ್ಪನ ಭಾಗಕ್ಕೆ ಯಾರೂ ಕೈ ಹಚ್ಚಬೇಡಿ."

ಊರಿನ ಹಿರಿಯರು ಅವನ ಮಾತಿಗೆ ಬೆಲೆ ಕೊಟ್ಟರು. ಇಡೀ ಚಾವಡಿ ಹೊದಿಸಿ, ಅವನ ಅಪ್ಪನ ನೆತ್ತಿಯ ಮೇಲಿನಷ್ಟನ್ನು ಬಯಲು ಬಿಟ್ಟು ಕಾದರು.

ಸೆಪ್ಟೆಂಬರಿನ ನಡುವಿನಲ್ಲಿ ಗೋವಿಂದರಾಜು ಪತ್ರಿಕೆ ಬೀಸುತ್ತ ಒಳಬಂದ. "ಏಯ್ ಬಾಕೋವ, ಸ್ವೀಟ್ ಮಾಡಿಸಬೇಕು ಇವತ್ತು! ನಿಮ್ಮ ದೇಶಕ್ಕೆ ವಿಶ್ವಸಂಸ್ಥೇಲಿ ಸೀಟ್ ಸಿಕ್ತು!"

ಬಾಕೋವ ಬಾಗಿಲ ಬಳಿ ಬಟ್ಟೆಯ ಚೀಲ ಕಟ್ಟಿಟ್ಟುಕೊಂಡು ಕೂತಿದ್ದ. ಹಾಗೆ ಕೂರುವುದು ಅವನಿಗೆ ದಿನದ ಅಭ್ಯಾಸವಾಗಿತ್ತು.

"ದೇಶಕ್ಕೆ ಸಿಕ್ತು, ಸಂತೋಷ. ನನ್ನ ವಿಮಾನ ಯಾವತ್ತು ಅಣ್ಣ? ಅಲ್ಲಿ ಮಳೆ ಹಿಡಿದಿದೆ. ನಮ್ಮ ಜಾಗ ಒಂದೇ ನೆನೀತಾ ಇರೋದು."

"ಯಾವ ವಿಮಾನ?"

"ನೀವು ಕೊಟ್ಟಿದ್ದು. ನಾನು ಕೇಳಿದ್ದು."

ಗೋವಿಂದರಾಜು ಪೆಚ್ಚಾಗಿ ಹೆಂಡತಿಯ ಮುಖ ನೋಡಿದ. ಒಂದೊಂದೇ ಮಾತು ಬಿಡಿಸಿದಂತೆ ನಡೆದದ್ದೆಲ್ಲ ಹೊರಬಂತು. ಅನಸೂಯ ಸೌಟು ಹಿಡಿದುಕೊಂಡೇ ಬಂದಳು.

"ಬಂದವರಿಗೆಲ್ಲ ನೋಡೋಣ ನೋಡೋಣ ಅಂತ ಹಲ್ಲು ಕಿರಿಯೋದು ಬಿಡ್ರೀ ಅಂದ್ರೆ ಕೇಳ್ತೀರಾ? ಆಫೀಸಲ್ಲಿ ಕೇಳಿದ್ರಾ ಒಂದು ಮಾತು?"

"ಕೇಳಿದ್ರೆ ಆಗಲ್ಲ ಅಂತಾರೆ ಅಂತ ಗೊತ್ತಿತ್ತು ಕಣೇ..."

"ಹಾಗಂತ ಅವನಿಗೆ ಹೇಳೋಕೇನಾಗಿತ್ತು, ಬಾಯಲ್ಲಿ ಹುಣ್ಣೇ?"

ಗೋವಿಂದರಾಜು ಮರುದಿನವೇ ಮೇಲಧಿಕಾರಿಯ ಮುಂದೆ ಕೈಕಟ್ಟಿ ನಿಂತ, ಆಸ್ಪತ್ರೆಗೂ ಅಲೆದ. ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ತಲೆಯಾಡಿಸಿದರು. ಮೂಳೆ ಇನ್ನೂ ಕೂಡಿರಲಿಲ್ಲ. ಬಾಕೋವ ಬೈಯಲಿಲ್ಲ. ಬೈದಿದ್ದರೆ ಗೋವಿಂದರಾಜುವಿಗೆ ಒಂದು ತುತ್ತು ಇಳಿಯುತ್ತಿತ್ತೇನೋ. "ಅಣ್ಣ ಅನ್ನಿಸಿಕೊಂಡು ಹೀಗೆ ಮಾಡ್ತಾರಾ?" ಎಂದಷ್ಟೇ ಅಂದು ಹೊರಗೆ ಹೋದ. ಅವತ್ತು ಕಾಲುವೆಯ ದಂಡೆ ಸಾಲದೆ, ಮಳೆಯಲ್ಲೇ ಕುಂಟುತ್ತ ರೈಲು ನಿಲ್ದಾಣದವರೆಗೆ ಹೋಗಿ ಬಂದ.

ಉಳಿದದ್ದು ಒಂದೇ ದಾರಿ. ಸೂರು ಮುಚ್ಚಲೇಬೇಕು. ಊರಿನ ಹಬ್ಬದ ದಿನ ಅವರ ವಂಶದ ಹೆಂಗಸರು ಮಕ್ಕಳು ಒದ್ದೆ ಚಾಪೆಯ ಮೇಲೆ ಕೂತರೆ ಅಪ್ಪನ ಹೆಸರನ್ನು ಜನ ಆಡಿಕೊಳ್ಳುತ್ತಾರೆ. ಬೆಳಿಗ್ಗೆ ಮತ್ತೆ ಫೋನ್ ಹಿಡಿದ. ಅನಸೂಯ ಪಕ್ಕದಲ್ಲಿ ನಿಂತಿದ್ದಳು. ಅವನ ಊರ ಭಾಷೆ ಅವಳಿಗೆ ಅರ್ಥವಾಗುತ್ತಿರಲಿಲ್ಲ.

"ಇಯೋತೆಬ, ನಿನ್ನ ಹತ್ರ ಬುಬುಸಿ ಕೇಳ್ತೀನಿ. ಅಪ್ಪನ ಭಾಗ ನೀನೇ ಹೊದಿಸು."

ಆಚೆ ಕಡೆ ಗರಗರ ಸದ್ದು, ಯಾರೋ ನಕ್ಕದ್ದು. ಆಮೇಲೆ ಇಯೋತೆಬನ ದನಿ: "ಆಯ್ತು, ನಾಳೆಯೇ ಮುಗಿಸ್ತೀನಿ. ಬಾಕೋವ, ನಾನೂ ನಿನ್ನ ಹತ್ರ ಕೇಳ್ತೀನಿ. ಮುಂದಿನ ಜಾಗ ನಂಗೆ ಕೊಡು. ನಾನು ಇರೋವರೆಗೂ."

ಕೇಳಲಿ ಬಿಡಲಿ, ಗರಿ ಕಟ್ಟಿದವನಿಗೆ ಆ ಜಾಗ ತಾನಾಗಿ ಹೋಗುತ್ತಿತ್ತು. ಆದರೂ ಇಯೋತೆಬ ಊರೆಲ್ಲ ಕೇಳುವ ಹಾಗೆ ಅವನ ಬಾಯಿಂದಲೇ ಹೊರಡಿಸಿದ. ಬಾಕೋವ ಫೋನನ್ನು ಕಿವಿಗೆ ಒತ್ತಿ ಹಿಡಿದು, "ಕೊಟ್ಟೆ" ಅಂದ.

ಅಕ್ಟೋಬರ್ ಕಳೆಯುವಾಗ ಕಾಲಿನ ಪ್ಲಾಸ್ಟರ್ ಬಿಚ್ಚಿದರು. ಗೋವಿಂದರಾಜು ಈ ಸಲ ಕಚೇರಿಯಲ್ಲಿ ಮೊದಲೇ ಕೇಳಿ, ಬರೆಸಿಕೊಂಡು, ಓಡುತ್ತ ಬಂದ. "ಬಾಕೋವ, ಪಕ್ಕಾ ಆಯ್ತು! ಗುರುವಾರದ ಟಿಕೆಟ್. ಮನೆಗೆ ಹೋಗೋ ಮಹರಾಯ!"

"ಬೇಡ ಅಣ್ಣ. ಯಾವುದಾದ್ರೂ ಹಡಗಲ್ಲಿ ಕೆಲಸ ಇದ್ರೆ ನೋಡಿ."

"ಅಷ್ಟು ಬಡಕೊಳ್ತಿದ್ಯಲ್ಲೋ, ಊರು ಊರು ಅಂತ!" ಅಂದಳು ಅನಸೂಯ.

"ಊರಿಗೆ ಹೋದ್ರೆ ಇಯೋತೆಬನ ಬೆನ್ನು ನೋಡ್ತಾ ಕೂರಬೇಕು ಅಕ್ಕ. ಕೂರ್ತೀನಿ. ಈಗಲೇ ಆಗಲ್ಲ." ಅಷ್ಟು ಹೇಳಿ, ನಿಂತಲ್ಲಿ ನಿಲ್ಲಲಾರದೆ, ಊರುಗೋಲಿಲ್ಲದ ಕಾಲನ್ನು ನೆಲಕ್ಕೆ ಒತ್ತಿ ಒತ್ತಿ ನೋಡುತ್ತ ಮೆಟ್ಟಿಲಿಳಿದ.