ಕೆಂಪು ಗುರುತಿನ ಮನೆ

ನಮ್ಮ ನೀಲವ್ವ ಚಿಗವ್ವ ಸರ್ಕಾರಿ ಜೀಪನ್ನು ಸದ್ದಿನಿಂದಲೇ ಗುರುತು ಹಿಡಿಯುತ್ತಿದ್ದಳು. ಹಂಚಿನ ಮೇಲೆ ರೊಟ್ಟಿ ಇದ್ದರೂ ಸರಿ, ಹಿಟ್ಟಿನ ಕೈಯಲ್ಲೇ ರಸ್ತೆಗೆ ಬಂದು ಅಡ್ಡ ನಿಲ್ಲುತ್ತಿದ್ದಳು. ಇಳಿದವರು ಎಂಜಿನಿಯರೋ, ಸರ್ವೆಯವರೋ, ಪೋಲಿಯೋ ಹನಿ ಹಾಕುವವರೋ, ಆಕೆಗೆ ಎಲ್ಲರೂ ಒಂದೇ. ಮೊದಲು ತಂಬಿಗೆ ಮಜ್ಜಿಗೆ, ಆಮೇಲೆ ಪ್ರಶ್ನೆ. "ರಸ್ತಾ ಯಾವಾಗ ಮಾಡ್ತೀರಿ? ಒಡಿಯೋದಿದ್ರ ಒಡೀರಿ, ಬಿಡೋದಿದ್ರ ಬಿಡ್ರಿ." ಮೇಲಿನಿಂದ ಆರ್ಡರ್ ಬರಬೇಕೆಂದು ಹೇಳಿ, ಮೀಸೆ ಒರೆಸಿಕೊಂಡು ಅವರು ಹೋಗುತ್ತಿದ್ದರು. ಮಜ್ಜಿಗೆಯನ್ನಾದರೂ ಉಳಿಸಬಾರದೇ ಎಂದು ನಾನು ರೇಗಿಸುತ್ತಿದ್ದೆ.

ಚಿಗವ್ವ ಎಂದರೆ ನನ್ನ ತಾಯಿಯ ತಂಗಿ. ಕುಷ್ಟಗಿಗೂ ಯಲಬುರ್ಗಾಕ್ಕೂ ನಡುವಿನ ಹಳ್ಳಿಯಲ್ಲಿ ರಸ್ತೆಗೆ ಮುಖ ಮಾಡಿದ ಮನೆ. ಆಕೆಯ ಗಂಡ, ನಮ್ಮ ಕಾಕಾ, ತೀರಿಕೊಂಡ ಮೇಲೆ ಒಬ್ಬನೇ ಮಗ ಬಸವರಾಜನನ್ನು ಕಷ್ಟಪಟ್ಟು ಓದಿಸಿದಳು. ಅವನಿಗೆ ಗಿಣಿಗೇರಾದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ಇನ್ನು ಸೊಸೆ ಬರುವುದೊಂದೇ ಬಾಕಿ ಎನ್ನುವಾಗ ರಸ್ತೆ ಅಗಲ ಮಾಡಿ ಹೆದ್ದಾರಿ ಮಾಡುವ ಸುದ್ದಿ ಬಂತು. ಸರ್ವೆಯವರು ಮುಂಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಗೆರೆ ಎಳೆದು ನಂಬರು ಬರೆದು ಹೋದರು.

ನಮ್ಮ ಕಡೆ ಹೆಣ್ಣು ಕೊಡುವವರು ಮೊದಲು ವರನ ಮನೆ ನೋಡಲು ಬರುತ್ತಾರೆ. ಹುಡುಗನಿಗಿಂತ ಗೋಡೆ, ಬಾಗಿಲುಗಳನ್ನೇ ಹೆಚ್ಚು ನೋಡುತ್ತಾರೆ ಎನ್ನಿ. ಬಂದವರ ಕಣ್ಣು ಸೀದಾ ಆ ಕೆಂಪು ಗೆರೆಗೆ ಹೋಗುತ್ತಿತ್ತು. ಮಂಡಕ್ಕಿ ಸುಸಲಾ ತಿಂದು, ಚಹಾ ಕುಡಿದು, "ರಸ್ತಾ ಆಗ್ಲಿ, ಆಮ್ಯಾಗ ನೋಡೋಣು" ಎಂದು ಏಳುತ್ತಿದ್ದರು. ರಸ್ತೆ ಮಾತ್ರ ಆಗಲೊಲ್ಲದು! ಒಮ್ಮೆ ಟೆಂಡರ್ ರದ್ದಾಯಿತು, ಒಮ್ಮೆ ಚುನಾವಣೆ ಅಡ್ಡ ಬಂತು, ಒಮ್ಮೆ ನಕ್ಷೆಯೇ ಬದಲಾಯಿತು. ಪರಿಹಾರ ಕೈಗೆ ಬಾರದೆ ಬೇರೆ ಕಡೆ ಮನೆ ಕಟ್ಟುವಂತೆಯೂ ಇರಲಿಲ್ಲ.

ಆಗ ಗಂಗಾವತಿ ಕಡೆಯ ಒಂದು ಸಂಬಂಧ ಬಂತು. ಹುಡುಗಿ ಬಸವರಾಜನ ಮನಸ್ಸಿಗೆ ಬಂದಿದ್ದಳು, ಹೊಸ ಅಂಗಿ ಹೊಲಿಸಿದ್ದ. ಚಿಗವ್ವ ಹಬ್ಬವಿಲ್ಲದಿದ್ದರೂ ಮುಂಗೋಡೆಗೆ ಗಟ್ಟಿಯಾಗಿ ಸುಣ್ಣ ಬಳಿಸಿದಳು. ಗೆರೆಯೂ ಇಲ್ಲ, ನಂಬರೂ ಇಲ್ಲ. ಬೀಗರಾಗುವವರು ಪಡಸಾಲೆಯಲ್ಲಿ ಕೂತು, ಮನಿ ಛಲೋ ಐತಿ ಎಂದು ತಲೆಯಾಡಿಸುತ್ತಿದ್ದರು. ಅಷ್ಟರಲ್ಲಿ ಜೀಪಿನ ಸದ್ದು. ಅದೊಂದು ದಿನ ಚಿಗವ್ವ ಹೊರಗೆ ಹೋಗಲಿಲ್ಲ. ಆದರೆ ಮಜ್ಜಿಗೆ ಕುಡಿದ ಸಲಿಗೆ ನೋಡಿ, ಸರ್ವೆಯವನೇ ಒಳಗೆ ಬಂದ. "ಗುರುತು ಅಳಿಸಿಬಿಟ್ಟೀರೇನವ್ವಾ? ಹೊಸಾ ನಕ್ಷಿ ಬಂದೈತಿ. ಈಗ ಇನ್ನೂ ಒಳಗ ಬರ್ತೈತ್ರಿ" ಎಂದವನೇ ಎಲ್ಲರ ಎದುರಿಗೆ ನಡುಮನೆಯ ಗೋಡೆಗೆ ಕೆಂಪು ಬಣ್ಣ ಹಚ್ಚಿದ. ಬಂದವರು ಚಹಾಕ್ಕೂ ನಿಲ್ಲಲಿಲ್ಲ. ಬಸವರಾಜ ಹೊಸ ಅಂಗಿ ಬಿಚ್ಚಿಟ್ಟು ಡ್ಯೂಟಿಗೆ ಹೋದ. ನಾನು ಸರ್ವೆಯವನ ಮೇಲೆ ರೇಗಿದೆ. ಚಿಗವ್ವ ಮಾತ್ರ ಸರ್ವೆಯವನಿಗೆ ಅವತ್ತೂ ಮಜ್ಜಿಗೆ ಕೊಟ್ಟಳು. "ಅವಂದೇನೈತಿ ತಮ್ಮಾ, ಅವನೂ ಯಾರೋ ಹೇಳಿದಂಗ ಕೇಳಾಂವ" ಎಂದಳು.

ಕೊನೆಗೂ ಹೆದ್ದಾರಿ ಬಂತು. ಆದರೆ ಊರೊಳಗೆ ಬರಲಿಲ್ಲ. ಹೊಲಗಳ ನಡುವೆ ಬೈಪಾಸ್ ಆಗಿ ಊರ ಹೊರಗಿನಿಂದಲೇ ಹೋಯಿತು. ಚಿಗವ್ವನ ಮನೆಯ ಒಂದು ಕಲ್ಲನ್ನೂ ಯಾರೂ ಮುಟ್ಟಲಿಲ್ಲ. ಇಷ್ಟೇ ಮಾಡುವುದಿದ್ದರೆ ಅಷ್ಟು ವರ್ಷ ಆ ತಾಯಿ-ಮಗನನ್ನು ಯಾಕೆ ಕಾಯಿಸಿದರೋ, ಇವತ್ತಿಗೂ ನನಗೆ ಸಿಟ್ಟು ಬರುತ್ತದೆ.

ಕಡೆಯ ಸಲ ನೋಡಲು ಹೋದಾಗ ಆಕೆಯ ಕಣ್ಣುಗಳು ಮಂಜಾಗಿದ್ದವು. ಮನೆ ಉಳಿಯಿತಲ್ಲ, ಸಿಹಿ ಮಾಡು ಎಂದೆ. ಚಿಗವ್ವ ನನ್ನ ಕೈ ಹಿಡಿದು ಹತ್ತಿರ ಎಳೆದುಕೊಂಡಳು.

"ನಿಮ್ಮ ಕೊಪ್ಪಳದಾಗ ಯಾವುದಾರ ಕನ್ಯಾ ಇದ್ರ ನೋಡಪಾ ತಮ್ಮಾ. ಇನ್ನ ಮನಿ ಎಲ್ಲೂ ಹೋಗಂಗಿಲ್ಲ ಅಂತ ಹೇಳು. ಬಂದು ನೋಡ್ಲಿ."

ಬಾಗಿಲ ಹತ್ತಿರ ಬಸವರಾಜ ನಿಂತಿದ್ದ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. "ಸಾಕು ಬಿಡ ಯವ್ವಾ" ಎಂದ. ನೋಡುತ್ತೇನೆ ಎಂದು ಚಿಗವ್ವನಿಗೆ ಸುಳ್ಳು ಹೇಳಿ ಎದ್ದು ಬಂದೆ.

ಆ ಚಳಿಗಾಲ ಕಳೆಯುವುದರೊಳಗೆ ಚಿಗವ್ವ ಹೋಗಿಬಿಟ್ಟಳು. ಮಣ್ಣು ಮುಗಿಸಿ ಮನೆಗೆ ಬಂದಾಗ ಸಂಜೆಯಾಗಿತ್ತು. ಓಣಿಯ ಹೆಂಗಸರು ಅತ್ತು, ಒಬ್ಬೊಬ್ಬರೇ ತಮ್ಮ ತಮ್ಮ ಮನೆಗೆ ಹೋದರು. ಆಕೆ ಮಲಗಿದ್ದ ಜಾಗದಲ್ಲಿ ದೀಪ ಹಚ್ಚಬೇಕಿತ್ತು. ಬಸವರಾಜ ಅರಳೆ ತಂದು ಕೂತ. ಬತ್ತಿ ಹೊಸೆಯಲು ಬಾರದೆ ನನ್ನ ಮುಖ ನೋಡಿದ.