ಬೋರಿನ ನೀರಿಗೆ ಹೊಂದುವ ಮೀನು

ನವೆಂಬರ್ ತಿಂಗಳ ಒಂದು ಸೋಮವಾರ, ಬೆಳಗ್ಗೆ ಆರು ಇಪ್ಪತ್ತು. ಹೊಸಪೇಟೆಯ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು ಮೂವರು: ನಾನು, ನನ್ನ ಹೆಂಡತಿ, ನನ್ನ ಅಣ್ಣ. ಗಾಜಿನ ತೊಟ್ಟಿಯಲ್ಲಿ ಹನ್ನೊಂದು ಮೀನು ಇರಬೇಕಿತ್ತು. ಎಣಿಸಿದೆ, ಹತ್ತು. ಮತ್ತೊಮ್ಮೆ ಎಣಿಸಿದೆ. ಹನ್ನೊಂದನೆಯದು, ಒಂದು ಕರಿ ಮೋಲಿ, ಗಾಳಿ ಪಂಪಿನ ಕೊಳವೆಯ ಹಿಂದೆ ಮಗ್ಗುಲಾಗಿ ತೇಲುತ್ತಿತ್ತು.

ಅಣ್ಣ ನನಗಿಂತ ಮೊದಲೇ ನೋಡಿದ್ದ. ಪೂಜೆ ಮುಗಿಸಿ ಬಂದಿದ್ದ, ಹಣೆಯ ವಿಭೂತಿ ಇನ್ನೂ ಹಸಿ ಇತ್ತು.

"ಹೇಳಿದ್ನೋ ಇಲ್ಲೋ? ಇನ್ನೊಂದ್ ಸತ್ರ ನಾ ಕಂಪ್ಲಿಗೆ ಹೊಕ್ಕೀನಿ ಅಂತ. ಹತ್ತೂವರಿ ಬಸ್ಸಿಗೆ ಹೊಂಟೆ."

"ಮೀನ ಸತ್ತದ್ದಕ್ಕ ಯಾರಾರ ಊರು ಬಿಡ್ತಾರೇನು ಅಣ್ಣಾ?"

"ನಾ ಇದ್ದ ಮನ್ಯಾಗ ಏನೂ ಉಳಿಯಂಗಿಲ್ಲ. ನನ್ನ ಕಾಲ್ಗುಣ. ಮೊದ್ಲು ನಿನ್ನ ಅತ್ತಿಗಿ, ಈಗ ಇವು."

ಅತ್ತಿಗೆ ತೀರಿಕೊಂಡು ಆಗ ಎಂಟು ತಿಂಗಳಾಗಿತ್ತು. ಅಣ್ಣ ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸಿದವನು. ಮಕ್ಕಳಿಲ್ಲ. ಅತ್ತಿಗೆ ಹೋದ ಮೇಲೆ ಬಚ್ಚಲಲ್ಲಿ ಜಾರಿ ಬಿದ್ದು, ಪಕ್ಕದ ಮನೆಯವರು ಬಾಗಿಲು ತಟ್ಟುವವರೆಗೆ ಅಲ್ಲೇ ಬಿದ್ದಿದ್ದ. ಮಾರನೆಯ ದಿನವೇ ಹೋಗಿ ಕರೆದುಕೊಂಡು ಬಂದೆ. ಬಂದವನು ಮಾತು ಬಿಟ್ಟ. ಊಟಕ್ಕೆ ಕರೆದರೆ ಉಣ್ಣುವುದು, ಕುಂದ್ರಿ ಅಂದರೆ ಕೂಡುವುದು, ಅಷ್ಟೇ. ಕಂಪ್ಲಿಯಲ್ಲಿದ್ದಾಗ ದಿನಾ ಸಂಜೆ ಹೊಳೆಯ ದಂಡೆಗೆ ಹೋಗಿ ಮೀನಿಗೆ ಮಂಡಕ್ಕಿ ಹಾಕುವ ರೂಢಿ ಅವನಿಗಿತ್ತು. ಅದು ನೆನಪಾಗಿ ನನ್ನ ಹೆಂಡತಿ ಹೇಳಿದಳು, "ಮನ್ಯಾಗೊಂದು ಮೀನಿನ ತೊಟ್ಟಿ ಇಡ್ರಿ, ಭಾವನವರಿಗೆ ನೋಡಾಕ ಏನಾರ ಬೇಕಲ್ಲ." ಮೂರಡಿ ಉದ್ದದ ತೊಟ್ಟಿ ಬಂತು. ಲಿಂಗ ಕಟ್ಟಿದವರ ಮನೆಗೆ ಮೀನು ಬಂದದ್ದು ಓಣಿಗೆಲ್ಲ ತಮಾಷೆಯಾಯಿತು. "ಸಾರಿಗೆ ಯಾವತ್ತು ಕರೀತೀರಿ ಸರ?" ಎಂದು ಎದುರು ಮನೆಯವರು ಕೇಳಿದರು. ಅಣ್ಣ ಆ ದಿನ ನಕ್ಕ. ಎಂಟು ತಿಂಗಳಲ್ಲಿ ಅವನು ನಕ್ಕದ್ದು ಅದೊಂದೇ ಸಲ.

ಆಮೇಲೆ ನನ್ನ ಕಷ್ಟ ಶುರುವಾಯಿತು. ಅಂಗಡಿಯವನು ಮೊದಲು ಕೊಟ್ಟದ್ದು ನಿಯಾನ್ ಟೆಟ್ರಾ ಮತ್ತು ಏಂಜೆಲ್. ನೋಡಲು ಚಂದ. ಒಂದು ವಾರದಲ್ಲಿ ಅಷ್ಟೂ ಸತ್ತವು. ನಾನು ಮೂವತ್ತು ವರ್ಷ ಸಂಡೂರಿನ ಒಂದು ಗಣಿಯ ಲ್ಯಾಬಿನಲ್ಲಿ ಅದಿರಿನ ಮಾದರಿ ಪರೀಕ್ಷೆ ಮಾಡಿದವನು. ಯಾವ ಕೆಲಸವನ್ನೂ ಅಂದಾಜಿನ ಮೇಲೆ ಮಾಡಿದವನಲ್ಲ. ನೀರಿನ ಗಡಸುತನ ನೋಡುವ ಸಣ್ಣ ಬಾಟಲಿ ತರಿಸಿದೆ. ಕೊಳವೆಯಲ್ಲಿ ನೀರು ಹಿಡಿದು, ಅದರ ಬಣ್ಣ ಕಿತ್ತಳೆಯಿಂದ ಹಸಿರಿಗೆ ತಿರುಗುವವರೆಗೆ ಔಷಧಿಯ ಹನಿ ಎಣಿಸಬೇಕು. ಹನಿ ಹೆಚ್ಚಾದಷ್ಟು ನೀರು ಗಡಸು. ನಮ್ಮ ಬೋರಿನ ನೀರಿಗೆ ಹತ್ತೊಂಬತ್ತು ಹನಿ ಬಿತ್ತು. ಆಶ್ಚರ್ಯವೇನಿಲ್ಲ. ಆ ನೀರಲ್ಲಿ ತೊಗರಿಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬರುವುದಿಲ್ಲ, ನಲ್ಲಿಯ ಬಾಯಿಗೆ ಸುಣ್ಣ ಕಟ್ಟುತ್ತದೆ. ಟೆಟ್ರಾಕ್ಕೆ ಮತ್ತು ಏಂಜೆಲ್‌ಗೆ ಮೆತ್ತನೆಯ ನೀರು ಬೇಕು. ಹಾಗಾಗಿ ನೀರು ಬದಲಿಸುವುದಕ್ಕಿಂತ ನೀರಿಗೆ ಹೊಂದುವ ಮೀನು ತರುವುದು ಸರಿ ಎಂದು ತೀರ್ಮಾನಿಸಿದೆ.

ಅಂಗಡಿಯಲ್ಲಿ ಚೀಟಿ ಮುಂದಿಟ್ಟೆ. ಮೋಲಿ, ಪ್ಲಾಟಿ, ಗಪ್ಪಿ. ಮೂರೂ ಗಡಸು ನೀರಿನವು, ಮೂರೂ ಜಗಳಗಂಟಿಗಳಲ್ಲ. ಗಂಡು ಒಂದಕ್ಕೆ ಹೆಣ್ಣು ಎರಡು, ಇಲ್ಲದಿದ್ದರೆ ಗಂಡು ಬೆನ್ನುಹತ್ತಿ ಹೆಣ್ಣನ್ನು ದಣಿಸುತ್ತದೆ. ಅಂಗಡಿಯವನು ಪಟ್ಟೆಪಟ್ಟೆಯ ಟೈಗರ್ ಬಾರ್ಬ್ ತೋರಿಸಿದ.

"ಇವು ತಗೋರಿ ಸರ, ಮಸ್ತ್ ಓಡಾಡ್ತಾವು."

"ಇವು ಗಪ್ಪಿ ಬಾಲ ಕಡೀತಾವು. ಬ್ಯಾಡ."

"ಗೋಲ್ಡ್ ಫಿಶ್?"

"ಅದಕ್ಕ ನಮ್ಮೂರ ಸೆಕೆ ಆಗಂಗಿಲ್ಲ, ಬೆಳೆದ್ರ ತೊಟ್ಟಿ ಸಾಲಂಗಿಲ್ಲ. ಚೀಟಿಯಾಗ ಬರದದ್ದು ಕೊಡ್ರಿ."

"ಸರ, ನೀವು ಮೀನ ತಗೋತೀರೋ, ಸಂಬಂಧ ನೋಡಾಕ ಬಂದೀರೋ?"

ಹದಿನೆಂಟು ಮೀನು ತಂದೆ. ಗೋಡೆಗೆ ಕಾಗದ ಅಂಟಿಸಿದೆ: ಭಾನುವಾರ ನಾಲ್ಕನೇ ಒಂದು ಭಾಗ ನೀರು ಬದಲು, ಬೆಳಗ್ಗೆ ಎಂಟಕ್ಕೆ, ಸಂಜೆ ಐದಕ್ಕೆ ಒಂದು ಚಿಟಿಕೆ ಆಹಾರ, ಬೇರೆ ಯಾರೂ ಏನೂ ಹಾಕಬಾರದು.

ಇಷ್ಟೆಲ್ಲ ಮಾಡಿಯೂ ಸಾಯುತ್ತಲೇ ಹೋದವು. ಮೊದಲು ಮೋಲಿ, ನಿಂತಲ್ಲೇ ಚಳಿ ಹಿಡಿದವರ ಹಾಗೆ ನಡುಗುತ್ತ, ರೆಕ್ಕೆ ಮೈಗಂಟಿಸಿಕೊಂಡು. ಮೂರು ದಿನಕ್ಕೊಂದು, ನಾಲ್ಕು ದಿನಕ್ಕೊಂದು. ಪಂಪು ಬದಲಿಸಿದೆ. ಆಹಾರ ಬದಲಿಸಿದೆ. ತೊಟ್ಟಿಯನ್ನು ಕಿಟಕಿಯಿಂದ ದೂರ ಸರಿಸಿದೆ. ಅಂಗಡಿಯವನ ಜೊತೆ ಎರಡು ಸಲ ಜಗಳವಾಡಿದೆ. ಅಣ್ಣ ಪ್ರತಿಯೊಂದನ್ನೂ ಹಿತ್ತಲ ಕರಿಬೇವಿನ ಬುಡದಲ್ಲಿ, ನಮ್ಮವರನ್ನು ಮಣ್ಣು ಮಾಡುವ ಹಾಗೆಯೇ, ಗುಣಿ ತೋಡಿ ವಿಭೂತಿ ಹಾಕಿ ಹೂಳುತ್ತಿದ್ದ. ಎಂಟನೆಯದಕ್ಕೆ ವಿಭೂತಿ ತೆಗೆದುಕೊಂಡು ಹೊರಟ ಈ ಸೋಮವಾರ, ಬಟ್ಟೆಯ ಚೀಲವನ್ನೂ ಹೊರಗೆ ತಂದಿಟ್ಟಿದ್ದ.

ಅವನು ಹಿತ್ತಲಲ್ಲಿದ್ದಾಗ ನಾನು ಮತ್ತೆ ಪರೀಕ್ಷೆಯ ಬಾಟಲಿ ತೆಗೆದೆ. ಏಕೆಂದು ಹೇಳಲಾರೆ, ಮಾಡಲು ಬೇರೇನೂ ಉಳಿದಿರಲಿಲ್ಲ. ಅಭ್ಯಾಸದಂತೆ ನಲ್ಲಿಯ ಕಡೆ ಹೊರಟವನು ನಿಂತೆ. ಈವರೆಗೆ ನಾನು ನೋಡಿದ್ದೆಲ್ಲ ನಲ್ಲಿಯ ನೀರು. ಮೀನು ಇರುವುದು ತೊಟ್ಟಿಯ ನೀರಿನಲ್ಲಿ. ಲಾರಿಯ ಮೇಲಿನಿಂದ ಒಂದು ಸಲಿಕೆ ಅದಿರು ತಂದು ಮಾದರಿ ಎಂದು ಕೊಟ್ಟವರನ್ನು ನಾನು ಎಷ್ಟು ಸಲ ಬೈದಿಲ್ಲ! ಕೆಳಗಿನದು ತೆಗೆ, ನಡುವಿನದು ತೆಗೆ, ಎಲ್ಲಿ ಬೇಕೋ ಅಲ್ಲಿಂದ ತೆಗೆ ಎಂದು. ನನ್ನ ಮನೆಯಲ್ಲಿ ನಾನೇ ಆ ತಪ್ಪು ಮಾಡಿದ್ದೆ.

ತೊಟ್ಟಿಯ ನೀರು ಹಿಡಿದೆ. ಆರನೆಯ ಹನಿಗೆ ಹಸಿರಾಯಿತು.

ಹೆಂಡತಿಯನ್ನು ಕರೆದೆ. "ತೊಟ್ಟಿಗೆ ಯಾರು ನೀರು ಹಾಕ್ಯಾರ?"

"ನಾನಂತೂ ಮುಟ್ಟಿಲ್ರಿ. ನಿಮ್ಮ ಕಾಗದ ನೋಡಿ ಆ ಕಡೀಗೇ ಹೋಗಂಗಿಲ್ಲ."

"ಫಿಲ್ಟರ್ ನೀರಿನ ಕ್ಯಾನು ವಾರಕ್ಕ ಎಷ್ಟು ತರಸ್ತಿ?"

"ಮೊದ್ಲು ಎರಡಿತ್ತು, ಈಗ ನಾಕು ಬೇಕು. ಭಾವನವರು ನೀರು ಭಾಳ ಕುಡ್ಯಾಕತ್ಯಾರ ಅಂತ ಖುಷಿ ಆಗಿತ್ರಿ ನನಗ. ಡಾಕ್ಟ್ರು ಹೇಳಿದ್ದು ಕೇಳಾಕತ್ಯಾರ ಅಂತ."

ಅಣ್ಣನಿಗೆ ಮೂರು ವರ್ಷದ ಹಿಂದೆ ಮೂತ್ರಪಿಂಡದಲ್ಲಿ ಕಲ್ಲಾಗಿತ್ತು. ಬೋರಿನ ನೀರು ಬಾಯಿಗೆ ಹಾಕಬೇಡಿ, ಫಿಲ್ಟರ್ ನೀರು ಚೆನ್ನಾಗಿ ಕುಡಿಯಿರಿ ಎಂದು ಡಾಕ್ಟರು ಹೇಳಿದ್ದರು. ನಾನು ಬೆಳಗ್ಗೆ ಐದರಿಂದ ಆರರವರೆಗೆ ವಾಕಿಂಗ್ ಹೋಗುತ್ತೇನೆ. ಉಳಿದದ್ದು ತಾನಾಗಿ ಹೊಳೆಯಿತು.

ಹೊಳೆದದ್ದರಿಂದ ಸಿಟ್ಟು ಇಳಿಯಲಿಲ್ಲ, ಏರಿತು. ಈಗ ಹೇಳುವುದಾದರೂ ಹೇಗೆ? ತನ್ನ ಕಾಲ್ಗುಣದಿಂದ ಸಾಯುತ್ತಿವೆ ಎಂದು ನಂಬಿದವನಿಗೆ, ಹೌದು, ನಿನ್ನ ಕೈಯಿಂದಲೇ ಸತ್ತವು ಎನ್ನಬೇಕು. ಹೇಳಿದರೆ ಖಂಡಿತ ಬಸ್ಸು ಹತ್ತುತ್ತಾನೆ, ಆ ಬಚ್ಚಲಿಗೇ ಹೋಗುತ್ತಾನೆ. ಹೇಳದಿದ್ದರೆ ಉಳಿದ ಹತ್ತೂ ಸಾಯುತ್ತವೆ, ಆಗಲೂ ಹೋಗುತ್ತಾನೆ.

"ಸುಮ್ನಿರ್ರಿ," ಎಂದಳು ಹೆಂಡತಿ. "ಕ್ಯಾನು ಅಡಗಿಸಿಟ್ರಾತು."

ಅಡಗಿಸಿಡುವುದು ನನ್ನಿಂದ ಆಗದ ಕೆಲಸ. ಅಣ್ಣ ಕೈ ತೊಳೆದು ಒಳಗೆ ಬಂದ ಕೂಡಲೇ ಕೇಳಿದೆ.

"ತೊಟ್ಟಿಗೆ ಫಿಲ್ಟರ್ ನೀರು ಹಾಕ್ತೀಯೇನು?"

"ಹೂಂ. ದಿನಾ ಅರ್ಧ ಬಕೀಟು ತೆಗದು ಕರಿಬೇವಿಗೆ ಹಾಕ್ತೀನಿ, ಅರ್ಧ ಬಕೀಟು ಚಲೋ ನೀರು ಹಾಕ್ತೀನಿ." ಮುಚ್ಚಿಡುವ ಪ್ರಯತ್ನವೇ ಇರಲಿಲ್ಲ. "ನಾವು ಕುಡಿಯೋದು ಫಿಲ್ಟರ್ ನೀರು, ಮನಿಗೆ ಕರ್ಕೊಂಡ್ ಬಂದ ಜೀವಕ್ಕ ಬೋರಿನ ನೀರೇನು? ನನಗ ಕಲ್ಲಾತು. ಅವಕ್ಕ ಆಗಂಗಿಲ್ಲೇನು?"

"ಗ್ವಾಡಿ ಮ್ಯಾಲೆ ಬರದು ಹಚ್ಚೀನಲ್ಲ, ಯಾರೂ ಏನೂ ಹಾಕಬಾರದು ಅಂತ!"

"ಅದು ತಿನ್ನೋ ಸಾಮಾನಿಗೆ. ನೀರು ಹಾಕಬ್ಯಾಡ ಅಂತ ಯಾವನಾರ ಬರೀತಾನೇನಲೇ?"

ನನ್ನ ಧ್ವನಿ ಏರಿತು. ಆ ಮೀನುಗಳಿಗೆ ಬೋರಿನ ನೀರೇ ಮೈಗೆ ಹಿಡಿಯುವುದು, ಅದಕ್ಕೆಂದೇ ಹುಡುಕಿ ತಂದದ್ದು, ಫಿಲ್ಟರ್ ನೀರಿನಲ್ಲಿ ಅವಕ್ಕೆ ಬೇಕಾದ ಸುಣ್ಣವೂ ಇಲ್ಲ, ಉಪ್ಪೂ ಇಲ್ಲ ಎಂದು ಹೇಳಿದೆ. ಭಾನುವಾರ ನಾನು ಗಡಸು ಮಾಡುವುದು, ವಾರವಿಡೀ ನೀನು ಮೆತ್ತಗೆ ಮಾಡುವುದು, ಈ ಏರಿಳಿತಕ್ಕೆ ಸತ್ತವು ಎಂದೂ ಹೇಳಿದೆ. ಹೇಳಬಾರದೆಂದುಕೊಂಡದ್ದನ್ನೆಲ್ಲ ಹೇಳಿ ಮುಗಿಸಿದ್ದೆ. ಅಣ್ಣ ಕುರ್ಚಿಯ ಮೇಲೆ ಕೂತ.

"ಹಂಗಾರ ನಾನೇ ಕೊಂದೆ."

ಹೆಂಡತಿ ನನ್ನ ಕಡೆ ನೋಡಿದ ನೋಟವನ್ನು ಹೇಳುವುದೇ ಬೇಡ. ನನಗೆ ಸಮಾಧಾನದ ಮಾತು ಬರುವುದಿಲ್ಲ. ಆದದ್ದನ್ನು ಆದ ಹಾಗೆ ಹೇಳುವುದು ಮಾತ್ರ ಬರುತ್ತದೆ.

"ನಾನೂ ಕೊಂದೀನಿ. ಮೊದಲನೇದು ಸತ್ತ ದಿನಾನ ತೊಟ್ಟಿ ನೀರು ನೋಡಬೇಕಿತ್ತು. ನಲ್ಲಿ ನೀರು ನೋಡಿದೆ, ಕಾಗದ ಹಚ್ಚಿದೆ. ಯಾಕ ಅಂತ ನಿನಗ ಒಂದಿನಾನೂ ಹೇಳಲಿಲ್ಲ."

ಅಣ್ಣ ತಲೆ ಎತ್ತಿದ.

"ತೊಟ್ಟಿ ನೀರು ನೋಡೇ ಇಲ್ಲೇನು?"

"ಇಲ್ಲ."

"ಮೂವತ್ತು ವರ್ಷ ಇದಕ್ಕ ಪಗಾರ ತಗೊಂಡ್ಯಲ್ಲಲೇ! ಗಿರಣ್ಯಾಗ ನನ್ನ ಹಮಾಲ್ರೂ ಚೀಲದ ನಡಕ ಕೈ ಹಾಕಿ ಅಕ್ಕಿ ನೋಡತಿದ್ರು."

ಗಿರಣಿಯ ಧ್ವನಿ ಅದು. ಎಂಟು ತಿಂಗಳಿಂದ ಕೇಳಿರಲಿಲ್ಲ. ಬೈಸಿಕೊಂಡು ನಿಂತೆ. ನಂತರ ಅವನೇ ಕೇಳಿದ, "ಈಗ ಏನ್ ಮಾಡಬೇಕು, ಅದನ್ನಾರ ಹೇಳು."

ಒಮ್ಮೆಲೇ ಬೋರಿನ ನೀರು ಸುರಿದರೆ ಉಳಿದವೂ ಸಾಯುತ್ತವೆ, ಸಣ್ಣ ನಳಿಗೆಯಿಂದ ಹನಿಹನಿಯಾಗಿ, ದಿನಕ್ಕೆ ಒಂದೇ ಬಕೀಟು ಇಳಿಸಬೇಕು ಎಂದೆ. ಬಕೀಟನ್ನು ಸ್ಟೂಲಿನ ಮೇಲಿಟ್ಟು ನಳಿಗೆಗೆ ಗಂಟು ಹಾಕಿದೆ. ನಾನು ಬಿಟ್ಟ ಧಾರೆ ಜೋರಾಯಿತು ಎಂದು ಅಣ್ಣ ನನ್ನ ಕೈ ಸರಿಸಿ ತಾನೇ ಗಂಟು ಬಿಗಿದ. ಕಮಲಾಪುರದ ಮೇಲೆ ಕಂಪ್ಲಿಗೆ ಹೋಗುವ ಹತ್ತೂವರೆ ಬಸ್ಸು ಹೋಯಿತು, ಎರಡು ಗಂಟೆಯದೂ ಹೋಗಿರಬೇಕು. ಅವನು ಹನಿ ಎಣಿಸುತ್ತ ಕೂತಿದ್ದ. ಊಟವನ್ನು ಅಲ್ಲಿಗೇ ತರಿಸಿಕೊಂಡ.

ಸಂಜೆ ಐದಕ್ಕೆ ಬಕೀಟು ಖಾಲಿಯಾಯಿತು. ಹತ್ತೂ ಇದ್ದವು. ಅದರಲ್ಲಿ ಒಂದು ಮೋಲಿ ಇನ್ನೂ ನಡುಗುತ್ತಿತ್ತು. ಅದು ಉಳಿಯುವುದು ಅನುಮಾನ.

"ನಾಳೆ ಬಕೀಟು ಎಷ್ಟೊತ್ತಿಗೆ?" ಎಂದ.

"ಒಂಬತ್ತಕ್ಕ. ನಾ ಬಿಡ್ತೀನಿ, ನೀ ಕಂಪ್ಲಿಗೆ..."

"ನಿನ್ನ ಕೈ ಭಾಳ ಜಲ್ದಿ. ನಾನೇ ಬಿಡ್ತೀನಿ. ನಾಡಿದ್ದಿನದೂ ನಾನೇ."

ನೆಲದ ಮೇಲೆ ಚೆಲ್ಲಿದ ನೀರನ್ನು ಒರೆಸಿ, ಬಟ್ಟೆ ಹಿಂಡಿ, ಹಿತ್ತಲ ತಂತಿಯ ಮೇಲೆ ಒಣಹಾಕಿದೆ. ಆಗ ಐದೂ ಇಪ್ಪತ್ತು.