ಓಟಕ್ಕೆ ಅಡ್ಡ ಬಂದ ಬಲೆಯ ಹಗ್ಗ

ಸ್ನೇಹಿತರೇ, ಇವತ್ತು ಬೀಜಾಡಿಯಿಂದ ಕೋಡಿಯ ಲೈಟ್‌ಹೌಸಿನವರೆಗೆ ಕಡಲ ದಂಡೆಯಲ್ಲಿ ಮೊದಲ ಸಲ ಎಲ್ಲಿಯೂ ನಿಲ್ಲದೆ ಓಡುವವನಿದ್ದೆ. ಕಳೆದ ವಾರ ಮೊಣಕಾಲು ನೋವಾಗಿ ಅರ್ಧಕ್ಕೇ ಮರಳಿದ್ದೆ. ಇವತ್ತು ಕಾಲು ಹೇಳಿದ ಮಾತು ಕೇಳುತ್ತಿತ್ತು, ಲೈಟ್‌ಹೌಸ್ ಕಣ್ಣೆದುರೇ ಇತ್ತು. ಅದಕ್ಕೆ ಸ್ವಲ್ಪ ಈಚೆ ಕೈರಂಪಣಿ ಮೀನುಗಾರರು ದಡದಲ್ಲೇ ನಿಂತು ಕಡಲಿನಿಂದ ಬಲೆ ಎಳೆಯುತ್ತಿದ್ದರು. ಅವರ ಹಗ್ಗ ನನ್ನ ಸೊಂಟದೆತ್ತರಕ್ಕೆ ಬಿಗಿದಿತ್ತು. ಬಗ್ಗಿ ದಾಟುವಷ್ಟರಲ್ಲಿ, ಹಗ್ಗ ಎಳೆಯುತ್ತಿದ್ದ ನೆರೆಮನೆಯ ಶೀನಣ್ಣ ನನ್ನ ಅಂಗಿ ಹಿಡಿದು ನಿಲ್ಲಿಸಿದರು.

"ಹ್ವಾಯ್, ಸುಮ್ನೆ ಓಡೂಕೆ ಕಸು ಇತ್ತಲ್ದಾ? ಹಗ್ಗಕ್ಕೆ ಕೈ ಹಾಕ್."

"ಓಡಿ ಮುಗ್ಸಿ ಬತ್ತೆ, ಶೀನಣ್ಣ."

"ಹತ್ತನೇ ಕ್ಲಾಸೇ ಮುಗ್ಸದ್ದವ ಓಟ ಮುಗ್ಸ್ತ್ಯಾ?"

ಹಗ್ಗ ಹಿಡಿದವರೆಲ್ಲ ನಕ್ಕರು. ನಿಂತಾಗಲೇ ಓಟ ಕೆಟ್ಟಿತ್ತು. ಸಿಟ್ಟಿನಲ್ಲಿ ಬಲೆ ದಡಕ್ಕೆ ಬರುವ ತನಕ ಎಳೆದೆ. ಎಳೆದವರಿಗೆಲ್ಲ ಕೊಡುವಂತೆ ನನಗೂ ಒಂದು ಪಾಲು ಬಂಗುಡೆ ಮೀನು ಕೊಟ್ಟರು. ಶೀನಣ್ಣ ಬೆನ್ನು ತಟ್ಟಿ, "ಲೈಟ್‌ಹೌಸ್ ಮುಟ್ಟಿದೆ ಅಂದೇಳಿ ಬರಿ ಮಾರಾಯ, ಯಾರ್ ಕಂಡದ್?" ಎಂದರು.

ಅದಕ್ಕೇ ಬರೆಯುತ್ತಿದ್ದೇನೆ, ಮುಟ್ಟಲಿಲ್ಲ. ಶಾಲೆ ಬಿಟ್ಟದ್ದು ನಾನೇ. ಆದರೆ ಇವತ್ತಿನ ಓಟ ಬಿಡಿಸಿದ್ದು ಶೀನಣ್ಣ. ಮನೆಯಲ್ಲಿ ಎರಡೆರಡು ಸಲ ಬಡಿಸಿಕೊಂಡು ಬಂಗುಡೆ ಸಾರು ಉಂಡೆ. ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.